ಪುಟ್ಟ ಮಕ್ಕಳ ಜೊತೆ ಮನೆಯಲ್ಲಿ ಅರ್ಧ ಗಂಟೆ: ಕಲಿಕೆ, ಕೈಕೆಲಸ, ಪ್ರಾರ್ಥನೆ ಒಂದೇ ಚಾಪೆಯ ಮೇಲೆ

ಒದ್ದೆ ಹತ್ತಿಯ ಮೇಲೆ ಒಂದು ಬೀನ್ಸ್ ಬೀಜ ಇಟ್ಟು ಮೂರು ವರ್ಷದ ಮಗುವಿಗೆ ನೋಡಿಕೊಳ್ಳಲು ಹೇಳಿ. ದಿನಕ್ಕೆ ಹತ್ತು ಸಲ ಬಂದು ಇಣುಕುತ್ತದೆ. ಮೊಳಕೆ ಬಂತಾ? ಇನ್ನೂ ಎಷ್ಟು ದಿನ? ಒಳಗೆ ಯಾರಿದ್ದಾರೆ? ಯಾರು ಹೊರಗೆ ಕಳಿಸ್ತಾರೆ? ಎಣಿಕೆ, ವಿಜ್ಞಾನ, ದೇವರು ಎಲ್ಲವೂ ಆ ಪ್ರಶ್ನೆಗಳಲ್ಲಿ ಒಟ್ಟಿಗೇ ಬಂದುಬಿಟ್ಟಿವೆ. ಅವನ್ನು ಬೇರೆ ಬೇರೆ ಡಬ್ಬಿಗೆ ತುಂಬುವವರು ನಾವು: ಬೆಳಿಗ್ಗೆ ಅಕ್ಷರ, ಮಧ್ಯಾಹ್ನ ಕ್ರಾಫ್ಟ್, ಸಂಜೆ ಪ್ರಾರ್ಥನೆ.

ನಮ್ಮ ಮನೆಯಲ್ಲೂ ಮೊದಲು ಹಾಗೇ ಇತ್ತು. ಬಣ್ಣ ಬಣ್ಣದ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೆ. ಎರಡನೇ ವಾರಕ್ಕೆ ನಾನೂ ಸುಸ್ತು, ಮಗಳೂ ಸುಸ್ತು, ಪ್ರಾರ್ಥನೆಯ ಹೊತ್ತು ಬಂತೆಂದರೆ ಅಳು. ಅದನ್ನು ಕಿತ್ತುಹಾಕಿ ಒಂದೇ ಒಂದು ನಿಯಮ ಇಟ್ಟುಕೊಂಡೆ. ದಿನಕ್ಕೆ ಒಂದು ವಸ್ತು. ಅದನ್ನೇ ಮುಟ್ಟಿ ನೋಡುವುದು, ಅದರಿಂದಲೇ ಏನಾದರೂ ಮಾಡುವುದು, ಕೊನೆಗೆ ಅದಕ್ಕಾಗಿಯೇ ಕೈಮುಗಿಯುವುದು. ಎಲ್ಲ ಸೇರಿ ಅರ್ಧ ಗಂಟೆ.

ಇದು ಹೊಸ ವಿಚಾರವೇನಲ್ಲ. ಮಕ್ಕಳ ಶಾಲೆಗೆ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ, ಎಂದು 1840ರಲ್ಲಿ ಹೆಸರಿಟ್ಟ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಒಬ್ಬ ಪಾದ್ರಿಯ ಮಗ. ನೂಲಿನ ಚೆಂಡು, ಮರದ ಗುಂಡು, ಘನ, ಕಾಗದ ಮಡಿಸುವುದು, ಕಾಗದ ಹೆಣೆಯುವುದು, ಜೇಡಿಮಣ್ಣು: ಇವನ್ನು ಅವನು ಪಾಠವಾಗಿ ಕೊಟ್ಟಿದ್ದು ಕೈ ಚುರುಕಾಗಲಿ ಎಂದಷ್ಟೇ ಅಲ್ಲ. ಸೃಷ್ಟಿಯಲ್ಲಿರುವ ಒಂದು ಏಕತೆ ಮಗುವಿನ ಕೈಗೆ ಸಿಗಬೇಕು, ಅದರ ಮೂಲ ದೇವರು ಎಂಬುದು ಅವನ ನಂಬಿಕೆಯಾಗಿತ್ತು. ಅವನ ಚೆಂಡು, ಘನಗಳು ಇಂದು ಎಲ್ಲೆಲ್ಲೂ ಉಳಿದಿವೆ. ಆ ನಂಬಿಕೆಯನ್ನು ಮಾತ್ರ ಹೆಚ್ಚಿನವರು ಮರೆತಿದ್ದಾರೆ.

ಮೊದಲ ಹೆಜ್ಜೆ: ಜಾಗ ಮತ್ತು ಹೊತ್ತು

ಒಂದು ಚಾಪೆ, ಒಂದು ತಗ್ಗಿನ ಮಣೆ ಅಥವಾ ರಟ್ಟಿನ ಪೆಟ್ಟಿಗೆ ಸಾಕು. ಬೇರೆ ಕೋಣೆ ಬೇಡ. ಆದರೆ ಚಾಪೆ ದಿನಾ ಅದೇ ಇರಲಿ, ಅದೇ ಜಾಗದಲ್ಲಿ ಹಾಸಿ. ಮಗುವಿಗೆ ಗಡಿಯಾರ ತಿಳಿಯದು, ಚಾಪೆ ತಿಳಿಯುತ್ತದೆ. ಚಾಪೆ ಬಿಚ್ಚುವ ಸದ್ದು ಕೇಳಿ ಓಡಿ ಬರುವ ದಿನ ಬಂದರೆ ಅರ್ಧ ಕೆಲಸ ಆದಂತೆ. ಹೊಟ್ಟೆ ತುಂಬಿರಬೇಕು, ನಿದ್ದೆ ಆಗಿರಬೇಕು. ಇವೆರಡು ಇಲ್ಲದಿದ್ದರೆ ಆ ದಿನ ಬಿಟ್ಟುಬಿಡಿ.

ಮಗುವಿಗೆ ಮೂರು ವರ್ಷ ತುಂಬಿಲ್ಲವಾದರೆ ಅಥವಾ ಮನೆಯಲ್ಲಿ ಅದಕ್ಕಿಂತ ಚಿಕ್ಕ ತಮ್ಮ ತಂಗಿ ಇದ್ದರೆ, ಚಾಪೆಯ ಮೇಲೆ ಬರುವ ಪ್ರತಿ ವಸ್ತುವನ್ನೂ ಟಾಯ್ಲೆಟ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆಯೊಳಗೆ ತೂರಿಸಿ ನೋಡಿ. ಒಳಗೆ ಹೋದರೆ ಅದು ಗಂಟಲಲ್ಲೂ ಸಿಕ್ಕಿಕೊಳ್ಳಬಲ್ಲದು. ಮಣಿ, ಗುಂಡಿ, ಕಾಳು ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಅವುಗಳಿಂದ ಕೆಲಸ ಮಾಡುವಾಗ ದೊಡ್ಡವರು ಎದ್ದು ಹೋಗಬಾರದು, ಫೋನ್ ಹೊಡೆದುಕೊಂಡರೂ ಸರಿ.

ಎರಡನೇ ಹೆಜ್ಜೆ: ವಸ್ತು ಆರಿಸುವುದು

ಅಂಗಡಿಯ ಕಿಟ್‌ಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅಲ್ಲಿ ಎಲ್ಲವನ್ನೂ ಯಾರೋ ಕತ್ತರಿಸಿ ಇಟ್ಟಿರುತ್ತಾರೆ, ಮಗುವಿಗೆ ಉಳಿಯುವುದು ಅಂಟಿಸುವ ಕೆಲಸ ಮಾತ್ರ. ಒಂದು ಎಲೆ, ಒಂದು ಕಲ್ಲು, ಒಂದು ಬಟ್ಟಲು ನೀರು, ಹಿಟ್ಟು, ಹಳೆಯ ಪತ್ರಿಕೆ, ಗರಿ, ದಾರ ಸಾಕು. ವಾರಪೂರ್ತಿ ಒಂದೇ ವಸ್ತು ಇಟ್ಟುಕೊಂಡರೂ ತಪ್ಪಿಲ್ಲ. ಬೇಸರ ಬರುವುದು ನಮಗೆ. ಮಕ್ಕಳಿಗೆ ನಿನ್ನೆಯ ಕಲ್ಲು ಇವತ್ತು ಒದ್ದೆಯಾದರೆ ಹೊಸ ಕಲ್ಲು.

ಮೂರನೇ ಹೆಜ್ಜೆ: ಕೈಗೆ ಕೊಡಿ, ಬಾಯಿ ಮುಚ್ಚಿಕೊಳ್ಳಿ

ಎರಡು ನಿಮಿಷ ಏನೂ ಹೇಳಬೇಡಿ. ಕಷ್ಟ, ಆದರೆ ಮಾಡಿ. ನಾವು 'ಇದು ಎಲೆ, ಹಸಿರು ಬಣ್ಣ, ಹೇಳು ಹಸಿರು' ಎಂದ ಕೂಡಲೇ ಮಗು ಎಲೆಯನ್ನು ಬಿಟ್ಟು ನಮ್ಮ ಮುಖ ನೋಡತೊಡಗುತ್ತದೆ. ಸುಮ್ಮನಿದ್ದರೆ ಅದು ಮೂಸುತ್ತದೆ, ಹರಿಯುತ್ತದೆ, ಬೆಳಕಿಗೆ ಹಿಡಿಯುತ್ತದೆ. ಆಮೇಲೆ ತಾನಾಗಿ ಒಂದು ಮಾತು ಆಡುತ್ತದೆ. ಪಾಠ ಶುರುವಾಗಬೇಕಾದ್ದು ಆ ಮಾತಿನಿಂದ.

ಕೈಯಿಂದ ಯಾವ ವಯಸ್ಸಿಗೆ ಏನಾಗುತ್ತದೆ ಎಂದು ಗೊತ್ತಿದ್ದರೆ ರಗಳೆ ಕಡಿಮೆ. ಒಂದೂವರೆ ವರ್ಷದ ಹೊತ್ತಿಗೆ ಗೀಚುತ್ತಾರೆ, ಬಳಪವನ್ನು ಮುಷ್ಟಿಯಲ್ಲಿ ಹಿಡಿದು. ಮೂರರ ಆಸುಪಾಸಿಗೆ ಸುತ್ತು ಕೂಡಿಸಿ ಸೊನ್ನೆ ಬರೆಯುತ್ತಾರೆ, ನಾಲ್ಕಕ್ಕೆ ಕೂಡುವ ಚಿಹ್ನೆ, ಆಮೇಲೆ ಚೌಕ, ಐದರ ಹೊತ್ತಿಗೆ ತ್ರಿಕೋನ. ಮನುಷ್ಯರ ಮೊದಲ ಚಿತ್ರದಲ್ಲಿ ತಲೆಯಿಂದಲೇ ಕಾಲು ಹೊರಟಿರುತ್ತದೆ, ಹೊಟ್ಟೆಯೇ ಇರುವುದಿಲ್ಲ. ಹೆಚ್ಚಿನ ಮಕ್ಕಳು ಹಾಗೇ ಬರೆಯುತ್ತಾರೆ, ತಿದ್ದಬೇಡಿ. ಕತ್ತರಿಯನ್ನು ಮೂರು ತುಂಬಿದ ಮೇಲೆ, ಮೊಂಡು ತುದಿಯದ್ದನ್ನು, ಕಡ್ಡಿಯಷ್ಟು ಸಣ್ಣ ಕಾಗದದ ಪಟ್ಟಿಗಳ ಜೊತೆ ಕೊಡಿ. ಒಂದೇ ಕಚಕ್ಕಿಗೆ ಪಟ್ಟಿ ತುಂಡಾಗಬೇಕು, ಆಗ ಕೈಗೆ ಧೈರ್ಯ ಬರುತ್ತದೆ.

ಸೊನ್ನೆ ಬಂದ ಮಗುವಿಗೆ ಅಕ್ಷರ ದೂರವಿಲ್ಲ. ನಮ್ಮ ಲಿಪಿ ಸುತ್ತುಗಳದ್ದೇ ತಾನೆ. ಸೊನ್ನೆಯ ನಡುವೆ ಚುಕ್ಕೆ, ಮೇಲೊಂದು ತಲೆಕಟ್ಟು ಇಟ್ಟರೆ 'ಠ'. ನನ್ನ ಮಗಳು 'ಅ'ಕ್ಕಿಂತ ಮೊದಲು 'ಠ' ಕಲಿತಳು, ಅದೂ ರವೆಯ ಮೇಲೆ ಬೆರಳಾಡಿಸಿ. ಪೆನ್ಸಿಲ್ ಆಮೇಲೆ ಬಂತು.

ನಾಲ್ಕನೇ ಹೆಜ್ಜೆ: ಏನಾದರೂ ಮಾಡಿ

ನಮ್ಮಲ್ಲಿ ಮತ್ತೆ ಮತ್ತೆ ಮಾಡುವ ಕೆಲವನ್ನು ಹೇಳುತ್ತೇನೆ.

ಬೀಜ. ಪಾರದರ್ಶಕ ಲೋಟದ ಒಳಗೋಡೆಗೆ ಒದ್ದೆ ಟಿಶ್ಯೂ ಪೇಪರ್ ಒತ್ತಿ, ಗಾಜಿಗೂ ಕಾಗದಕ್ಕೂ ನಡುವೆ ಬೀಜ ಸಿಕ್ಕಿಸಿ. ತಳದಲ್ಲಿ ಒಂದು ಬೆರಳು ನೀರಿರಲಿ. ಬೆಚ್ಚಗಿನ ಜಾಗದಲ್ಲಿ ಮೂರು ನಾಲ್ಕು ದಿನಕ್ಕೆ ಬೇರು ಇಣುಕುತ್ತದೆ, ಒಂದು ವಾರ ಹತ್ತು ದಿನಕ್ಕೆ ಕಾಂಡ. ಬೇರು ಮೊದಲು, ಎಲೆ ಆಮೇಲೆ: ಇದನ್ನು ಹೇಳಿಕೊಡಬೇಡಿ, ಅವರೇ ಕಂಡುಕೊಳ್ಳಲಿ. ಬೇರು ಕಂಡ ದಿನ ಲೋಟವನ್ನು ಅಡ್ಡ ಮಲಗಿಸಿದರೆ ಬೇರು ಒಂದೆರಡು ದಿನದಲ್ಲಿ ಬಾಗಿ ಮತ್ತೆ ಕೆಳಕ್ಕೆ ಹೊರಳುತ್ತದೆ. ಕತ್ತಲಲ್ಲೂ ಅದಕ್ಕೆ ಕೆಳಗೆ ಯಾವುದು ಎಂದು ಗೊತ್ತು. ಅದು ಭೂಮಿಯ ಸೆಳೆತಕ್ಕೆ ಓಗೊಡುತ್ತದೆ. ಈ ಒಂದು ದೃಶ್ಯದ ಮುಂದೆ ನಮ್ಮ ಮನೆಯಲ್ಲಿ ಆಗಿರುವಷ್ಟು ನಿಜವಾದ ಪ್ರಾರ್ಥನೆ ಬೇರೆ ಎಲ್ಲೂ ಆಗಿಲ್ಲ. ಹಸಿ ಬೀನ್ಸ್ ಬೀಜ ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ಬೇಯಿಸದೆ ತಿಂದರೆ ಹೊಟ್ಟೆ ಕೆಡುತ್ತದೆ.

ಉಪ್ಪಿನ ಹಿಟ್ಟು. ಎರಡು ಲೋಟ ಗೋಧಿ ಹಿಟ್ಟು, ಒಂದು ಲೋಟ ಪುಡಿ ಉಪ್ಪು, ಒಂದು ಲೋಟದಷ್ಟು ನೀರು. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಅಳೆಯುವ ಕೆಲಸ ಮಗುವಿನದ್ದು, ಚೆಲ್ಲಿದರೆ ಬಟ್ಟೆ ಹಿಡಿದು ಒರೆಸುವ ಕೆಲಸವೂ ಅದರದ್ದೇ. ಅಳೆದು ಸುರಿಯುವುದರಲ್ಲಿ ಗಣಿತ ಇದೆ, ಒರೆಸುವುದರಲ್ಲಿ ಅದಕ್ಕಿಂತ ದೊಡ್ಡ ಪಾಠ ಇದೆ. 1907ರಲ್ಲಿ ರೋಮ್‌ನ ಬಡವರ ಬೀದಿಯೊಂದರಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸೊರಿ ನೀರು ಸುರಿಯುವುದು, ಗುಡಿಸುವುದು, ಗುಂಡಿ ಹಾಕುವುದನ್ನೇ ಪಾಠ ಮಾಡಿದ್ದರು. ಹಿಟ್ಟನ್ನು ಐದು ಹತ್ತು ನಿಮಿಷ ಚೆನ್ನಾಗಿ ನಾದಿ. ಪುಟ್ಟ ಬಟ್ಟಲು, ಎಲೆಯ ಅಚ್ಚು, ಮನೆಯವರ ಕೈಬೆರಳಿನ ಗುರುತು ಏನಾದರೂ ಮಾಡಬಹುದು. ಅರ್ಧ ಸೆಂಟಿಮೀಟರಿಗಿಂತ ದಪ್ಪ ಬೇಡ, ಬಿರಿಯುತ್ತದೆ. ಗಾಳಿಗೆ ಇಟ್ಟು ದಿನಕ್ಕೊಮ್ಮೆ ಮಗುಚಿದರೆ ಕೆಲವು ದಿನಗಳಲ್ಲಿ ಒಣಗುತ್ತದೆ. ಓವನ್ ಇದ್ದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ಗಂಟೆ. ಉಪ್ಪು ಬಹಳ ಇರುವುದರಿಂದ ತಿನ್ನಬಾರದು, ಮನೆಯ ನಾಯಿಗೂ ಸಿಗಬಾರದು.

ಹಿಟ್ಟು ಕೈಯಲ್ಲಿರುವಾಗ ಒಂದು ಆಟ ಆಡಿ. ಒಂದೇ ಗಾತ್ರದ ಎರಡು ಉಂಡೆ ಮಾಡಿ. ಮಗುವಿನ ಕಣ್ಣೆದುರೇ ಒಂದನ್ನು ಹಾವಿನಂತೆ ಉದ್ದ ಉರುಳಿಸಿ, ಯಾವುದರಲ್ಲಿ ಹಿಟ್ಟು ಜಾಸ್ತಿ ಎಂದು ಕೇಳಿ. ನಾಲ್ಕು ವರ್ಷದವರು ಸಾಮಾನ್ಯವಾಗಿ ಹಾವಿನಲ್ಲಿ ಎನ್ನುತ್ತಾರೆ. ಆರೇಳು ವರ್ಷ ವಯಸ್ಸು ತುಂಬಿದ ಮೇಲೆ ಅದೇ ಮಗು ನಿಮ್ಮನ್ನು ವಿಚಿತ್ರವಾಗಿ ನೋಡಿ 'ಎರಡೂ ಒಂದೇ ಅಲ್ವಾ' ಎನ್ನುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಇಂಥ ಪ್ರಶ್ನೆಗಳಿಂದಲೇ ಮಕ್ಕಳ ಯೋಚನೆಯ ದಾರಿಯನ್ನು ಗುರುತಿಸಿದ. ನಾಲ್ಕರ ಮಗುವನ್ನು ತಿದ್ದಿ ಪ್ರಯೋಜನವಿಲ್ಲ. ಹಾವನ್ನು ಮತ್ತೆ ಉಂಡೆ ಮಾಡಿ ತೋರಿಸಿ, ಸಾಕು.

ಕಾಗದದ ಹೆಣಿಗೆ ನಾಲ್ಕು ಐದು ವರ್ಷದವರಿಗೆ. ಹಾಳೆಯನ್ನು ಅರ್ಧಕ್ಕೆ ಮಡಿಸಿ, ಮಡಿಕೆಯ ಕಡೆಯಿಂದ ಎರಡೆರಡು ಸೆಂಟಿಮೀಟರಿಗೆ ಕತ್ತರಿಸುತ್ತಾ ಬನ್ನಿ, ಅಂಚಿಗೆ ಎರಡು ಬೆರಳು ಬಿಟ್ಟು ನಿಲ್ಲಿಸಿ. ಬಿಚ್ಚಿ, ಬೇರೆ ಬಣ್ಣದ ಪಟ್ಟಿಗಳನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಎಂದು ಹೇಳುತ್ತಾ ತೂರಿಸಿ. ಮುಂದಿನ ಪಟ್ಟಿ ಕೆಳಗಿನಿಂದ ಶುರು. ಹೀಗೆ ಆದ ಚಾಪೆಯನ್ನು ಪ್ರಾರ್ಥನೆಯ ಜಾಗದಲ್ಲಿ ಹಾಸಿ. ತಾನು ಹೆಣೆದದ್ದರ ಮೇಲೆ ದೇವರ ಪುಸ್ತಕವೋ ದೀಪವೋ ಕೂತಿದೆ ಎಂದರೆ ಆ ಮೂಲೆ ಮಗುವಿನದ್ದೂ ಆಯಿತು.

ದೀಪ ಎಂದೆನಲ್ಲ, ಒಂದು ಮಾತು. ಪುಟ್ಟ ಮಕ್ಕಳ ಕೈಗೆ ನಿಜವಾದ ಉರಿ ಬೇಡವೆಂದು ಬ್ಯಾಟರಿ ಮೇಣದಬತ್ತಿ ತರುವವರು ಅದರ ಅಡಿ ತಿರುಗಿಸಿ ನೋಡಿ. ಬಹಳಷ್ಟರಲ್ಲಿ ಗುಂಡಿಯಂಥ ಚಪ್ಪಟೆ ಸೆಲ್ ಇರುತ್ತದೆ. ಅದನ್ನು ನುಂಗಿದರೆ ಅನ್ನನಾಳ ಎರಡೇ ಗಂಟೆಯೊಳಗೆ ಸುಟ್ಟುಹೋಗಬಲ್ಲದು. ಮುಚ್ಚಳಕ್ಕೆ ಸ್ಕ್ರೂ ಇಲ್ಲದ್ದನ್ನು ಮನೆಗೆ ತರಬೇಡಿ. ಮಗು ನುಂಗಿದೆ ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ಚಂದ್ರನ ಹಾಳೆ: ಒಂದು ತಿಂಗಳ ಕೆಲಸ

ಒಂದೇ ಒಂದನ್ನು ಮಾಡಲು ಹೊತ್ತಿದೆ ಎನ್ನುವವರು ಇದನ್ನು ಮಾಡಿ. ದೊಡ್ಡ ಹಾಳೆಯಲ್ಲಿ ಬಟ್ಟಲು ಇಟ್ಟು ಮೂವತ್ತು ಸುತ್ತು ಎಳೆಯಿರಿ. ಎಣಿಸುವುದು, ಎಳೆಯುವುದು ಮಗುವೇ, ಎರಡು ದಿನ ಹಿಡಿದರೂ ಸರಿ. ಅಮಾವಾಸ್ಯೆ ಕಳೆದ ಎರಡನೇ ದಿನ ಸಂಜೆ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಪಶ್ಚಿಮದ ಕಡೆ ನೋಡಿ. ಉಗುರಿನಂಥ ಚಂದ್ರ ಸಿಗುತ್ತಾನೆ. ಕಂಡಷ್ಟು ಭಾಗವನ್ನು ಬಿಳಿ ಬಿಟ್ಟು ಉಳಿದದ್ದಕ್ಕೆ ಕಪ್ಪು ಬಳಪ ತುಂಬಲಿ. ಪಕ್ಕದಲ್ಲಿ ತಾರೀಖು ನೀವು ಬರೆಯಿರಿ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಚಂದ್ರ ದಿನದಿಂದ ದಿನಕ್ಕೆ ಸರಾಸರಿ ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ. ಹಾಗಾಗಿ ಮೊದಲ ಎರಡು ವಾರ ಮಲಗುವ ಮುಂಚೆ ಸಿಗುತ್ತಾನೆ, ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೇ ಮೂಡುತ್ತಾನೆ. ಆಮೇಲೆ ಮಕ್ಕಳ ನಿದ್ದೆಯ ಹೊತ್ತಿಗೆ ಹುಟ್ಟುವುದರಿಂದ ಎಷ್ಟೋ ಮನೆಗಳಲ್ಲಿ ಹಾಳೆ ಅರ್ಧಕ್ಕೇ ನಿಲ್ಲುತ್ತದೆ. ನಿಲ್ಲಿಸಬೇಡಿ. ಬೆಳಿಗ್ಗೆ ಎದ್ದು ನೋಡಿ, ಪಶ್ಚಿಮದಲ್ಲೋ ನೆತ್ತಿಯ ಮೇಲೋ, ಅಮಾವಾಸ್ಯೆ ಹತ್ತಿರವಾದಂತೆ ಪೂರ್ವದಲ್ಲೋ ಬೆಳ್ಳಗೆ ಇರುತ್ತಾನೆ. ಹಗಲು ಚಂದ್ರನನ್ನು ಮೊದಲ ಸಲ ಕಂಡ ಮಗುವಿನ ಮುಖ ನೋಡುವ ಭಾಗ್ಯವನ್ನು ತಪ್ಪಿಸಿಕೊಳ್ಳಬಾರದು. ಮೋಡವಿದ್ದ ದಿನದ ಸುತ್ತಿನಲ್ಲಿ ಮೋಡವನ್ನೇ ಬರೆಯಲಿ. ಊಹಿಸಿ ತುಂಬಿಸುವುದು ಬೇಡ. ಕಾಣದ್ದನ್ನು ಕಂಡಿಲ್ಲ ಎನ್ನುವುದು ಒಳ್ಳೆಯ ಅಭ್ಯಾಸ, ವಿಜ್ಞಾನಕ್ಕೂ ನಂಬಿಕೆಗೂ.

ಚಂದ್ರ ಯಾಕೆ ಸವೆಯುತ್ತಾನೆ ಎಂದು ಐದಾರು ವರ್ಷದವರು ಕೇಳುತ್ತಾರೆ. ಭೂಮಿಯ ನೆರಳು ಎಂದು ಹೇಳಿಬಿಡಬೇಡಿ, ಅದು ಚಂದ್ರಗ್ರಹಣದ ಕಥೆ. ಕೋಣೆ ಕತ್ತಲು ಮಾಡಿ ಒಂದು ಬಲ್ಬ್ ಹಚ್ಚಿ. ಮಗು ಬಿಳಿ ಚೆಂಡೊಂದನ್ನು ಕೈ ಚಾಚಿ, ತಲೆಗಿಂತ ಸ್ವಲ್ಪ ಮೇಲೆ ಹಿಡಿದು ಬಲ್ಬಿನ ಕಡೆ ಮುಖ ಮಾಡಲಿ. ಚೆಂಡಿನ ಈ ಕಡೆ ಕತ್ತಲು, ಅದು ಅಮಾವಾಸ್ಯೆ. ನಿಂತಲ್ಲೇ ನಿಧಾನ ಎಡಕ್ಕೆ ತಿರುಗಿದರೆ ಉಗುರು, ಕಾಲು ಸುತ್ತಿಗೆ ಅರ್ಧ ಚಂದ್ರ, ಬಲ್ಬಿಗೆ ಬೆನ್ನಾದಾಗ ಹುಣ್ಣಿಮೆ. ಚೆಂಡಿನ ಅರ್ಧ ಯಾವಾಗಲೂ ಬೆಳಗಿಯೇ ಇದೆ, ನಮಗೆ ಕಾಣುವುದು ಮಾತ್ರ ಬದಲಾಗುತ್ತದೆ. ಚೆಂಡು ಕೈಯಲ್ಲಿದ್ದರೆ ಈ ಮಾತು ಆರು ವರ್ಷಕ್ಕೂ ಅರ್ಥವಾಗುತ್ತದೆ.

ಈ ಹಾಳೆ ಪಕ್ಕದ ಮನೆಯ ಹಬ್ಬಕ್ಕೂ ದಾರಿ ತೋರಿಸುತ್ತದೆ. ದೀಪಾವಳಿಯ ನಡುವೆ ಅಮಾವಾಸ್ಯೆ ಬರುತ್ತದೆ, ಬುದ್ಧ ಹುಟ್ಟಿದ ದಿನವನ್ನು ಹುಣ್ಣಿಮೆಗೆ ನೆನೆಯುತ್ತಾರೆ, ರಂಜಾನ್ ತಿಂಗಳು ಎಳೆ ಚಂದ್ರನೊಂದಿಗೆ ಶುರುವಾಗುತ್ತದೆ, ಈಸ್ಟರ್ ಭಾನುವಾರವನ್ನು ಹುಣ್ಣಿಮೆ ನೋಡಿಯೇ ಲೆಕ್ಕ ಹಾಕುತ್ತಾರೆ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಇಸ್ಲಾಮಿನ ವರ್ಷ ಅಷ್ಟಕ್ಕೇ ಮುಗಿಯುವುದರಿಂದ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಬೇರೆಯವರ ದೇವರ ಬಗ್ಗೆ ಮಕ್ಕಳಿಗೆ ಹೇಗೆ ಹೇಳುವುದು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಈ ಹಾಳೆ. ಎಲ್ಲರೂ ಕತ್ತೆತ್ತಿ ನೋಡಿದ್ದು ಇದೇ ಚಂದ್ರನನ್ನು ಎಂದು ಹೇಳಿ, ಅಲ್ಲಿಗೆ ಬಿಡಿ.

ಐದನೇ ಹೆಜ್ಜೆ: ಸದ್ದು ಅಡಗುವವರೆಗೆ

ಕೆಲಸ ಮುಗಿದು ಕೈ ತೊಳೆದ ಮೇಲೆ ಒಂದು ಗಂಟೆ ಬಾರಿಸಿ. ಗಂಟೆ ಇಲ್ಲದಿದ್ದರೆ ಕಂಚಿನ ಬಟ್ಟಲಿಗೆ ಚಮಚ ತಾಗಿಸಿ. ಸದ್ದು ಪೂರ್ತಿ ಅಡಗಿದಾಗ ಕೈ ಎತ್ತು ಎಂದು ಹೇಳಿ. ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ. ಸುಮ್ಮನೆ ಕೂರು ಎಂದು ಗದರಿ ಸಿಗದ ಮೌನ ಇಲ್ಲಿ ತಾನಾಗಿ ಸಿಗುತ್ತದೆ. ಆ ಮೌನದಲ್ಲಿ ಒಂದೇ ವಾಕ್ಯ: ಇವತ್ತಿನ ಎಲೆಗೆ, ಇವತ್ತಿನ ನೀರಿಗೆ, ಒಂದು ಕೃತಜ್ಞತೆ. ನಿಮ್ಮ ಮನೆಯ ಪ್ರಾರ್ಥನೆ ಯಾವುದಿದೆಯೋ ಅದರ ಎರಡು ಸಾಲು. ಒಂದು ನಿಮಿಷ ದಾಟಬೇಡಿ. ಮಗು ಹೇಳದಿದ್ದರೆ ನೀವು ಹೇಳಿ, ಅದು ಕೇಳಿಸಿಕೊಳ್ಳುತ್ತಿರುತ್ತದೆ. ನನ್ನ ಮಗ ಎಂಟು ತಿಂಗಳು ಬಾಯಿಯೇ ಬಿಡಲಿಲ್ಲ. ಒಂದು ದಿನ ಆಟದ ಕರಡಿಗೆ ಪೂರ್ತಿ ಪ್ರಾರ್ಥನೆ ಹೇಳಿಕೊಡುತ್ತಿದ್ದ, ಒಂದಕ್ಷರ ತಪ್ಪಿಲ್ಲದೆ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಸುಳ್ಳು ಹೇಳಿದರೆ ದೇವರು ಕಣ್ಣು ಕೀಳುತ್ತಾನೆ, ಊಟ ಬಿಟ್ಟರೆ ದೇವರಿಗೆ ಕೋಪ ಬರುತ್ತದೆ ಎಂದು ದೇವರನ್ನು ಪೊಲೀಸ್ ಮಾಡುವುದು. ನಮ್ಮ ಕೈಲಾಗದ ಶಿಸ್ತನ್ನು ಅವನ ತಲೆಗೆ ಕಟ್ಟುತ್ತೇವೆ, ಮಗು ಅವನಿಗೆ ಹೆದರಿ ಕತ್ತಲೆಯಲ್ಲಿ ಮುಸುಕು ಹಾಕಿಕೊಳ್ಳುತ್ತದೆ.

ಪ್ರಶ್ನೆ ಬಂದಾಗ

ಕೈ ಕೆಲಸದಲ್ಲಿದ್ದಾಗಲೇ ದೊಡ್ಡ ಪ್ರಶ್ನೆ ಬರುವುದು. ಹಿಟ್ಟು ನಾದುತ್ತಾ 'ದೇವರಿಗೆ ಕೈ ಇದೆಯಾ' ಎನ್ನುತ್ತಾರೆ. ಮೊದಲು 'ನಿನಗೇನನ್ನಿಸುತ್ತೆ' ಎಂದು ಕೇಳಿ, ನಿಜವಾಗಿ ಕೇಳಿ. ಆಮೇಲೆ ನೀವು ನಂಬುವುದನ್ನು ಒಂದು ವಾಕ್ಯದಲ್ಲಿ ಹೇಳಿ. ಗೊತ್ತಿಲ್ಲದಿದ್ದರೆ 'ನಂಗೂ ಗೊತ್ತಿಲ್ಲ ಕಂದ, ನಾನೂ ಯೋಚಿಸ್ತಾ ಇರ್ತೀನಿ' ಎನ್ನಿ. ಮನೆಯಲ್ಲಿ ಒಬ್ಬರು ನಂಬುವವರು, ಇನ್ನೊಬ್ಬರು ಅಲ್ಲದಿದ್ದರೆ ಮುಚ್ಚಿಡಬೇಡಿ. 'ಅಪ್ಪ ಹೀಗೆ ಯೋಚಿಸ್ತಾರೆ, ನಾನು ಹೀಗೆ' ಎಂದರೆ ಮಕ್ಕಳಿಗೆ ಸಾಕಾಗುತ್ತದೆ.

ಸಾವಿನ ಮಾತಿಗೆ ಮಾತ್ರ ಹೆಚ್ಚು ಎಚ್ಚರ ಬೇಕು. ಐದು ವರ್ಷದೊಳಗಿನ ಮಕ್ಕಳು ಸಾವನ್ನು ಸಾಮಾನ್ಯವಾಗಿ ವಾಪಸ್ ಬರುವ ಪ್ರಯಾಣವೆಂದೇ ತಿಳಿಯುತ್ತಾರೆ. ನಾವು ಆಡಿದ ಮಾತಿನ ಅಕ್ಷರಾರ್ಥವನ್ನೇ ಹಿಡಿಯುತ್ತಾರೆ. 'ಅಜ್ಜಿ ಮಲಗಿದ್ದಾರೆ' ಎಂದರೆ ರಾತ್ರಿ ನಿದ್ದೆಗೆ ಹೆದರುತ್ತಾರೆ, 'ದೂರ ಹೋಗಿದ್ದಾರೆ' ಎಂದರೆ ಬಾಗಿಲು ಕಾಯುತ್ತಾರೆ. ಅಜ್ಜಿಯ ಮೈ ಕೆಲಸ ನಿಲ್ಲಿಸಿತು, ಉಸಿರಾಡುವುದಿಲ್ಲ, ಮತ್ತೆ ಬರುವುದಿಲ್ಲ ಎಂದು ಮೊದಲು ಹೇಳಿ. ನಿಮ್ಮ ನಂಬಿಕೆಯ ಮಾತು ಅದರ ಬೆನ್ನಿಗೆ ಬರಲಿ, ಅದರ ಬದಲಿಗೆ ಅಲ್ಲ. 'ನಾನು ಕೋಪ ಮಾಡಿಕೊಂಡೆ ಅಂತ ಹೀಗಾಯ್ತಾ' ಎಂಬ ಅಂಜಿಕೆ ಮಗುವಿನೊಳಗೆ ಇರಬಹುದು. ಅದು ಕೇಳದಿದ್ದರೂ ನೀವೇ ಹೇಳಿ, ನಿನ್ನಿಂದ ಆದದ್ದಲ್ಲ ಎಂದು. ಬೇಡಿಕೊಂಡರೂ ನಾಯಿಮರಿ ಬದುಕಲಿಲ್ಲ ಎಂದು ಅಳುವಾಗ ದೇವರ ಪರ ವಾದಿಸಲು ಹೋಗಬೇಡಿ. ಪಕ್ಕದಲ್ಲಿ ಕೂತು ಅಳಲು ಬಿಡಿ. ಒಂದು ಸಲ ಮಗಳು ಹಿಟ್ಟಿನಲ್ಲಿ ಮರಿಯ ಪಾದ ಮಾಡಿ ಕಿಟಕಿಯಲ್ಲಿ ಇಟ್ಟಳು. ಆ ದಿನದ ಪ್ರಾರ್ಥನೆ ಅದೇ ಆಯಿತು, ನಾನು ಏನೂ ಸೇರಿಸಲಿಲ್ಲ.

ಕೆಟ್ಟ ದಿನಗಳಿಗೆ

ಜ್ವರ, ನೆಂಟರು, ನಿಮ್ಮದೇ ತಲೆನೋವು, ಅಂಟು ಚೆಲ್ಲಿ ಜಗಳ. ಅಂಥ ದಿನ ಹಿಟ್ಟೂ ಬೇಡ, ಕತ್ತರಿಯೂ ಬೇಡ. ಹಾಸಿಗೆಯಲ್ಲೇ ಒಂದು ಹಳೆಯ ಕಥೆ ಓದಿ. ನೂರು ಸಲ ಓದಿದ್ದೇ ಆಗಲಿ, ಮಗು ಮುಂದಿನ ಸಾಲು ತಾನೇ ಹೇಳುವಂತೆ ನಡುನಡುವೆ ನಿಲ್ಲಿಸಿ. ಆಮೇಲೆ ಬಟ್ಟಲಿಗೆ ಚಮಚ ತಾಗಿಸಿ. ನೀವು ಗದರಿದ್ದರೆ ಕ್ಷಮೆ ಕೇಳುವುದು ಆ ಮೌನದಲ್ಲಿ ಸುಲಭ. ಮಾಡಿದ ಚಿತ್ರಗಳ ಹಿಂದೆ ತಾರೀಖು, ಮಗು ಹೇಳಿದ ಒಂದು ಮಾತು ಬರೆದು ಪೆಟ್ಟಿಗೆಯಲ್ಲಿ ಇಡಿ. ಎಲ್ಲವನ್ನೂ ಇಡಲಾಗದು, ತಿಂಗಳಿಗೆ ಎರಡು ಸಾಕು. ಚಂದ್ರನ ಹಾಳೆಯನ್ನು ಮಾತ್ರ ಗೋಡೆಯಿಂದ ತೆಗೆಯಬೇಡಿ. ಮುಂದಿನ ಅಮಾವಾಸ್ಯೆಗೆ ಹೊಸ ಹಾಳೆಯನ್ನು ಅದರ ಕೆಳಗೇ ಅಂಟಿಸಿ.